ಕೆರೆಗೆ ಬಂದ ಹೊಸ ಬಾತು: ವಲಸೆಯದೋ, ಕೈಬಿಟ್ಟದ್ದೋ?



ಕಳೆದ ಡಿಸೆಂಬರ್ ತಿಂಗಳಲ್ಲಿ ಹಾರವಾಡದ ಕಡೆಯ ಇಬ್ಬರು ಸದಸ್ಯರು ಅಡಿಕೆ ತೂಕಕ್ಕೆಂದು ಸಂಘದ ಕಛೇರಿಗೆ ಬಂದವರು ಒಂದು ಸುದ್ದಿ ಹೇಳಿದರು. ಅವರ ತೋಟದ ಕೆಳಗಿನ ಗಜನಿ ಗದ್ದೆಯಲ್ಲಿ ಯಾರೂ ನೋಡಿರದ ಹಕ್ಕಿಗಳು ಬಂದು ಇಳಿದಿವೆ. ಮೈ ಕಪ್ಪು, ರೆಕ್ಕೆಯಲ್ಲಿ ಬಿಳಿ, ಮುಖದ ತುಂಬ ಕೆಂಪು ಗಂಟುಗಳು. ಹಗಲೆಲ್ಲ ನೀರಿನಲ್ಲಿದ್ದು ಸಂಜೆಗೆ ಹಲಸಿನ ಮರ ಹತ್ತಿ ಕೂರುತ್ತವೆ. “ಸೈಬೀರಿಯದಿಂದ ಬಂದಾವೆ ಅಂತಾರೆ. ಹಕ್ಕಿಜ್ವರ ತಂದಿದ್ದರೆ ಏನು ಗತಿ ಸೆಕ್ರೆಟರಿಯವರೇ? ಹುಡುಗರು ಕವಣೆ ಹಿಡಿದು ನಿಂತಾರೆ. ಹೊಡೆದು ಹಾಕಲೋ ಬೇಡವೋ?” ಎಂದು ಕೇಳಿದರು.

ಹೋಗಿ ನೋಡಿದೆವು. ಗದ್ದೆಯ ಬದುವಿನ ಮೇಲೆ ನಮ್ಮ ತೋಟಗಳಿಗೆ ಕೆಲಸಕ್ಕೆ ಬರುವ ಒಬ್ಬ ಹೆಂಗಸು ನಿಂತಿದ್ದಳು. ಅವಳ ಮನೆಯಲ್ಲಿ ಎಂಟು ಊರಕೋಳಿಗಳಿವೆ. ಮೊಟ್ಟೆ ಮಾರಿದ ಹಣ ಮನೆಯ ಉಪ್ಪು ಮೆಣಸಿಗೆ ಆಗುತ್ತದೆ. ಅವಳು ಕೇಳಿದ್ದು ಒಂದೇ ಮಾತು: “ನನ್ನ ಕೋಳಿಗೆ ಏನಾರೂ ಆಗುತದ?”

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ, ಬಂದ ಹಕ್ಕಿ ಯಾವುದು, ಎಲ್ಲಿಯದು ಎಂಬುದನ್ನು ಮೊದಲು ತಿಳಿಯಬೇಕು. ಇಂಥ ಪ್ರಶ್ನೆ ನಾಳೆ ಘಟ್ಟದ ಮೇಲಿನ ಕಾಫಿ ತೋಟದ ಕೆರೆಯಲ್ಲೂ ಏಳಬಹುದು. ಆದ್ದರಿಂದ ಈ ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ದೂರದಿಂದ ಬರುವ ಅತಿಥಿಗಳು

ಅಕ್ಟೋಬರ್ ತಿಂಗಳ ಹೊತ್ತಿಗೆ ಉತ್ತರದ ಶೀತ ದೇಶಗಳಿಂದ ಹಲವು ಜಾತಿಯ ಬಾತುಗಳು ನಮ್ಮ ನಾಡಿಗೆ ಬರುತ್ತವೆ. ಬಾಲದಲ್ಲಿ ಸೂಜಿಯಂಥ ಗರಿಯಿರುವ ಸೂಜಿಬಾಲದ ಬಾತು, ಗಂಡಿನ ಕಣ್ಣಿನ ಮೇಲೆ ಬಿಳಿ ಹುಬ್ಬಿರುವ ಬಾತು, ಸವುಟಿನಂತೆ ಅಗಲ ಕೊಕ್ಕಿನ ಬಾತು ಇವು ಮುಖ್ಯವಾದವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಪ್ರಸಿದ್ಧವಾಗಿವೆ. ಆ ಕೆರೆಗೂ ನಮ್ಮ ಪಕ್ಕದ ಅಘನಾಶಿನಿ ಅಳಿವೆಗೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜಲಪ್ರದೇಶವೆಂಬ ಮಾನ್ಯತೆ ಬಂದಿದೆ. ಇವೆಲ್ಲ ಮಾರ್ಚ್ ಏಪ್ರಿಲ್ ಹೊತ್ತಿಗೆ ಮರಳಿ ಹೋಗುತ್ತವೆ.

ಈ ಹಕ್ಕಿಗಳು ಎಲ್ಲಿಂದ ಬರುತ್ತವೆಂಬುದು ಊಹೆಯ ಮಾತಲ್ಲ. ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1959ರಿಂದ ಹಕ್ಕಿಗಳ ಕಾಲಿಗೆ ಲೋಹದ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಭರತಪುರದಲ್ಲಿ ಉಂಗುರ ತೊಡಿಸಿದ ಬಾತುಗಳು ಸೈಬೀರಿಯದಲ್ಲಿ ಸಿಕ್ಕಿವೆ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ಕಟ್ಟಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಇವು ಪರದೇಶದಿಂದ ಬಂದರೂ ಪರಕೀಯವಲ್ಲ. ಸಾವಿರಾರು ವರ್ಷಗಳಿಂದ ನಮ್ಮ ಕೆರೆಗಳು ಇವಕ್ಕೆ ಎರಡನೆಯ ಮನೆ.

ಇವಲ್ಲದೆ ವರ್ಷವಿಡೀ ಇಲ್ಲೇ ಇರುವ ನಮ್ಮವೇ ಬಾತುಗಳೂ ಇವೆ. ಕಪ್ಪು ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಕೆಂಪು ಬೊಟ್ಟು ಇರುವ ಚುಕ್ಕೆಕೊಕ್ಕಿನ ಬಾತು, ಹಾರುವಾಗ ಸಿಳ್ಳೆ ಹಾಕುವ ಕಂದು ಬಣ್ಣದ ಸಿಳ್ಳೆ ಬಾತು, ಎಲ್ಲಕ್ಕಿಂತ ಚಿಕ್ಕದಾದ ಕಾಟನ್ ಟೀಲ್ ಇವನ್ನು ಸದಸ್ಯರು ನೋಡಿರಲೇಬೇಕು. ಕಡೆಯ ಎರಡೂ ಮರದ ಪೊಟರೆಯಲ್ಲಿ ಗೂಡು ಮಾಡುವಂಥವು ಎಂಬುದನ್ನು ನೆನಪಿಡಿ. ಈ ಮಾತು ಮುಂದೆ ಬೇಕಾಗುತ್ತದೆ.

ಹಾರವಾಡದ ಹಕ್ಕಿ ಯಾವುದು?

ಹಾರವಾಡದಲ್ಲಿ ನಾವು ಕಂಡ ಕೆಂಪು ಮೊಗದ ಹಕ್ಕಿ ಈ ಎರಡೂ ಗುಂಪಿಗೆ ಸೇರಿದ್ದಲ್ಲ. ಅದು ಮಸ್ಕೊವಿ ಬಾತು. ಹೆಸರಿನಲ್ಲಿ ಮಾಸ್ಕೋ ಇದ್ದಂತೆ ಕಂಡರೂ ಅದರ ಮೂಲ ದಕ್ಷಿಣ ಮತ್ತು ಮಧ್ಯ ಅಮೆರಿಕ. ಐದು ನೂರು ವರ್ಷಗಳ ಹಿಂದೆ ಸ್ಪೇನಿನವರು ಅಲ್ಲಿಗೆ ಹೋಗುವ ಮೊದಲೇ ಅಲ್ಲಿನ ಜನ ಅದನ್ನು ಸಾಕಿದ್ದರು. ನಮ್ಮ ಗೇರು, ಪಪ್ಪಾಯಿ, ಪೇರಳೆ, ಮೆಣಸಿನಕಾಯಿ ಎಲ್ಲ ಬಂದದ್ದೂ ಆ ಖಂಡದಿಂದಲೇ. ಕೇರಳದಲ್ಲಿ ಇದನ್ನು ಮಣಿತ್ತಾರಾವು ಎಂದು ಕರೆದು ಮನೆಮನೆಯಲ್ಲಿ ಸಾಕುತ್ತಾರೆ.

ಮಿಕ್ಕ ಸಾಕು ಬಾತುಗಳಿಗೂ ಇದಕ್ಕೂ ಬಹಳ ಅಂತರವಿದೆ. ಖಾಕಿ ಕ್ಯಾಂಪ್‌ಬೆಲ್ ಇರಲಿ, ಬಿಳಿಯ ಪೆಕಿನ್ ಇರಲಿ, ಕುಟ್ಟನಾಡಿನ ಚಾರ ಚೆಂಬಲ್ಲಿ ಇರಲಿ, ನಮ್ಮ ಕಾರವಾರದ ಕಡೆಯವರು ಬದಕ ಎನ್ನುವ ಊರ ಬಾತು ಇರಲಿ, ಇವೆಲ್ಲದರ ಮೂಲ ಮಲ್ಲಾರ್ಡ್ ಎಂಬ ಒಂದೇ ಕಾಡುಬಾತು. ಖಾಕಿ ಕ್ಯಾಂಪ್‌ಬೆಲ್ ತಳಿಯನ್ನು ಸುಮಾರು 1900ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಕ್ಯಾಂಪ್‌ಬೆಲ್ ಎಂಬ ಮಹಿಳೆ ರೂಪಿಸಿದರು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ. ಅದು ದೂರ ಹಾರಲಾರದು. ಅದರ ಮೊಟ್ಟೆ 28 ದಿನಕ್ಕೆ ಮರಿಯಾಗುತ್ತದೆ.

ಮಸ್ಕೊವಿಯ ಮೊಟ್ಟೆಗೆ ಸುಮಾರು 35 ದಿನ ಬೇಕು. ಅದರ ಕಾಲ್ಬೆರಳಿಗೆ ಚೂಪಾದ ಉಗುರುಗಳಿವೆ. ಅದು ಮರ ಹತ್ತುತ್ತದೆ, ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಗಂಡು 4–5 ಕಿಲೋ ತೂಗಿದರೆ ಹೆಣ್ಣು ಅದರ ಅರ್ಧದಷ್ಟು ಮಾತ್ರ, ಹೆಣ್ಣು ಚೆನ್ನಾಗಿ ಹಾರಲೂ ಬಲ್ಲದು. ಕ್ವಾಕ್ ಕ್ವಾಕ್ ಎಂದು ಕೂಗದೆ ಬುಸುಗುಡುತ್ತದೆ.

ಈ ಹಕ್ಕಿಗಳು ಗಜನಿಗೆ ಬಂದ ದಾರಿಯೂ ಎರಡೇ ದಿನದಲ್ಲಿ ತಿಳಿಯಿತು. ಪಕ್ಕದ ಊರಿನ ಸದಸ್ಯರೊಬ್ಬರು ಹಿಂದಿನ ವರ್ಷ ಸಂತೆಯಿಂದ ಮರಿಗಳನ್ನು ತಂದಿದ್ದರಂತೆ. ದೊಡ್ಡವಾದ ಮೇಲೆ ಅಂಗಳ ಹೊಲಸು ಮಾಡುತ್ತವೆಂದು ಮನೆಯವರ ತಕರಾರು. ಕೊಯ್ಯಲು ಮನಸ್ಸಿಲ್ಲ, ಕೊಳ್ಳುವವರಿಲ್ಲ. “ಪಾಪದ ಪ್ರಾಣಿ, ಎಲ್ಲಾದರೂ ಬದುಕಿಕೊಳ್ಳಲಿ” ಎಂದು ಹಳ್ಳದ ಬಾಯಿಯಲ್ಲಿ ಬಿಟ್ಟುಬಂದಿದ್ದರು.

ಅವರನ್ನು ನಾವು ಹಳಿಯಲಾರೆವು. ಹನ್ನೆರಡು ವರ್ಷದ ಹಿಂದೆ ನಾವೂ ಇದನ್ನೇ ಮಾಡಿದ್ದೇವೆ. ನಮ್ಮ ತೋಟದ ಕೆರೆಗೆ ನಾಲ್ಕು ಊರ ಬಾತುಗಳನ್ನು ಬಿಟ್ಟು, ರಾತ್ರಿ ಗೂಡಿಗೆ ಸೇರಿಸುವ ರೂಢಿಯನ್ನೂ ಬಿಟ್ಟೆವು. ಮರುವರ್ಷ ಒಂದು ಗಂಡು ಕಾಡಿನ ಚುಕ್ಕೆಕೊಕ್ಕಿನ ಹೆಣ್ಣಿನ ಜೊತೆ ಓಡಾಡತೊಡಗಿತು. ಮಳೆಗಾಲ ಮುಗಿಯುವಾಗ ಆ ಹೆಣ್ಣಿನ ಹಿಂದೆ ಮರಿಗಳು. ಬೆಳೆದ ಮೇಲೆ ನೋಡಿದರೆ ಒಂದರ ಎದೆ ಬಿಳಿ, ಇನ್ನೊಂದರ ಕೊಕ್ಕಿನಲ್ಲಿ ಕೆಂಪು ಬೊಟ್ಟೇ ಇಲ್ಲ. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿ ಹಿಗ್ಗಿದೆವು. ನಾವು ಹಿಗ್ಗಿದ್ದು ಎಂಥ ಕೆಲಸಕ್ಕೆ ಎಂದು ತಿಳಿದದ್ದು ಬಹಳ ತಡವಾಗಿ.

ಬಿಟ್ಟರೆ ಆಗುವ ಕೇಡೇನು?

ಕೇಡು ಎರಡು ಬಗೆಯದು. ಯಾವ ಬಾತು ಯಾವ ಕೇಡು ಮಾಡುತ್ತದೆಂಬುದನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಊರ ಬಾತು, ಖಾಕಿ ಕ್ಯಾಂಪ್‌ಬೆಲ್‌ಗಳ ಕೇಡು ಬೆರಕೆಯದು. ಮಲ್ಲಾರ್ಡ್ ವಂಶಕ್ಕೂ ನಮ್ಮ ಚುಕ್ಕೆಕೊಕ್ಕಿನ ಬಾತಿಗೂ ಹತ್ತಿರದ ನಂಟು. ಅವು ಕೂಡಿದರೆ ಹುಟ್ಟುವ ಮರಿಗಳು ಮತ್ತೆ ಮರಿ ಮಾಡಬಲ್ಲವು. ಹೀಗಾಗಿ ಬೆರಕೆ ಒಂದು ತಲೆಮಾರಿಗೆ ನಿಲ್ಲುವುದಿಲ್ಲ. ನ್ಯೂಜಿಲೆಂಡಿನಲ್ಲಿ ಬೇಟೆಗೆಂದು ತಂದು ಬಿಟ್ಟ ಮಲ್ಲಾರ್ಡ್ ಅಲ್ಲಿನ ಬೂದು ಬಾತಿನೊಡನೆ ಬೆರೆತು, ಇಂದು ಅಪ್ಪಟ ಬೂದು ಬಾತು ಸಿಗುವುದೇ ಕಷ್ಟವಾಗಿದೆ.

ಇದಕ್ಕಿಂತ ಕಣ್ತೆರೆಸುವ ಕಥೆ ಇಂಗ್ಲೆಂಡಿನದು. 1948ರಲ್ಲಿ ಪೀಟರ್ ಸ್ಕಾಟ್ ಎಂಬ ಪ್ರಸಿದ್ಧ ಪಕ್ಷಿಪ್ರೇಮಿ ತಮ್ಮ ಸ್ಲಿಂಬ್ರಿಜ್ ಪಕ್ಷಿಧಾಮಕ್ಕೆ ಅಮೆರಿಕದಿಂದ ರಡಿ ಡಕ್ ಎಂಬ ಬಾತುಗಳನ್ನು ತರಿಸಿದರು. ಒಟ್ಟು ಏಳೇ ಹಕ್ಕಿ: ನಾಲ್ಕು ಗಂಡು, ಮೂರು ಹೆಣ್ಣು. ಅವುಗಳ ಮರಿಗಳಲ್ಲಿ ಕೆಲವು 1950ರ ದಶಕದಲ್ಲಿ ಹೊರಗೆ ಹಾರಿಹೋದವು. 2000ದ ಹೊತ್ತಿಗೆ ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ ಸುಮಾರು 6,000. ಕೆಲವು ಸ್ಪೇನಿಗೂ ಹೋಗಿ ಅಲ್ಲಿನ ಬಿಳಿತಲೆ ಬಾತಿನೊಡನೆ ಬೆರೆಯತೊಡಗಿದವು. ಆ ಬಿಳಿತಲೆ ಬಾತು 1977ರಲ್ಲಿ ಸ್ಪೇನಿನಲ್ಲಿ ಬರೀ 22 ಉಳಿದಿದ್ದು, ಜನರು ಕಷ್ಟಪಟ್ಟು ಉಳಿಸಿ ಬೆಳೆಸಿದ ಹಕ್ಕಿ. ಕಡೆಗೆ ಬ್ರಿಟಿಷ್ ಸರಕಾರ 2005ರಲ್ಲಿ ರಡಿ ಡಕ್‌ಗಳನ್ನು ಗುಂಡಿಕ್ಕಿ ತೆಗೆಯುವ ಯೋಜನೆಯನ್ನೇ ಹಾಕಬೇಕಾಯಿತು. ಪಕ್ಷಿಗಳನ್ನು ಪ್ರೀತಿಸುವವರ ಅಂಗಳದಿಂದಲೇ ತಪ್ಪಿಸಿಕೊಂಡ ಹಕ್ಕಿಯ ಸಂತತಿ ಅದು. ಬೇಲಿ ಹಾಕದೆ ಉಳಿಸಿದ ಹಣದ ಎಷ್ಟೋ ಪಟ್ಟು ಆಮೇಲೆ ಹೋಯಿತು, ಸಾವಿರಾರು ಜೀವವೂ ಹೋಯಿತು.

ಮಸ್ಕೊವಿಯ ಕೇಡು ಬೇರೆ. ಅದು ಊರ ಬಾತಿನೊಡನೆ ಕೂಡಿದರೂ ಹುಟ್ಟುವ ಮರಿ ಹೇಸರಗತ್ತೆಯಂತೆ ಬಂಜೆ. ಆದ್ದರಿಂದ ಬೆರಕೆಯ ಭಯ ಕಡಿಮೆ. ಆದರೆ ಸಿಳ್ಳೆ ಬಾತು, ಕಾಟನ್ ಟೀಲ್‌ಗಳಿಗೆ ಬೇಕಾದ ಪೊಟರೆಗಳೇ ಅದಕ್ಕೂ ಬೇಕು. ನಾಲ್ಕು ಕಿಲೋದ ಹಕ್ಕಿಯೆದುರು ಅಂಗೈಯಗಲದ ಬಾತಿಗೆ ಜಾಗ ಎಲ್ಲಿಯದು? ಹಳೆಯ ಮರಗಳು ನಮ್ಮ ಬೆಟ್ಟಗಳಲ್ಲಿ ಮೊದಲೇ ಕಡಿಮೆಯಾಗಿವೆ. ಅಮೆರಿಕದ ಫ್ಲೋರಿಡಾದಲ್ಲಿ ಹೀಗೆ ಬಿಟ್ಟ ಮಸ್ಕೊವಿಗಳು ಊರೂರಿನ ಕೊಳಗಳಲ್ಲಿ ಹೆಚ್ಚಿ ನೀರು ಕೆಡಿಸಿ ಜನರಿಗೆ ತಲೆನೋವಾಗಿವೆ.

ಪರದೇಶದ್ದೆಲ್ಲ ಕೆಟ್ಟದ್ದೇ ಎಂದು ಇದರ ಅರ್ಥವಲ್ಲ. ನಾವು ಬೆಳೆಯುವ ಕಾಫಿಯೇ ಇಥಿಯೋಪಿಯದ ಗಿಡ. ಆದರೆ ಕಾಫಿ ನಮ್ಮ ಕೈಯಲ್ಲಿ, ನಮ್ಮ ಬೇಲಿಯೊಳಗೆ ಉಳಿದಿದೆ. ಹೂವಿನ ಚಂದಕ್ಕೆಂದು ತಂದ ಲಂಟಾನ ಬೇಲಿ ದಾಟಿ ಬೆಟ್ಟವನ್ನೆಲ್ಲ ನುಂಗಿತು. ನಮ್ಮ ತೋಟಗಳ ಶತ್ರುವಾದ ಆಫ್ರಿಕಾದ ದೊಡ್ಡ ಬಸವನಹುಳುವಿನ ಕಥೆಯೂ ಇಂಥದ್ದೇ. 1847ರಲ್ಲಿ ಬೆನ್ಸನ್ ಎಂಬ ಸಂಗ್ರಾಹಕರು ಮಾರಿಷಸ್ಸಿನಿಂದ ತಂದು ಕಲ್ಕತ್ತೆಯ ಒಂದು ತೋಟದಲ್ಲಿ ಬಿಟ್ಟದ್ದೇ ಭಾರತದಲ್ಲಿ ಅದರ ಆರಂಭ. ಇಂದು ಮಳೆ ಬಿದ್ದೊಡನೆ ನಮ್ಮ ಅಡಿಕೆ ಸಸಿಗಳ ಮೇಲೆ ಹರಿದಾಡುವುದು ಅದರ ಸಂತತಿ. ಬಿಟ್ಟವನಿಗೆ ಒಂದು ನಿಮಿಷದ ಕೆಲಸ, ಹೆಕ್ಕುವವರಿಗೆ ತಲೆತಲಾಂತರದ ಕೆಲಸ.

ಹಕ್ಕಿಜ್ವರದ ಮಾತು

ಈಗ ಆ ಹೆಂಗಸಿನ ಪ್ರಶ್ನೆಗೆ ಬರೋಣ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿಫಾರಂಗಳಲ್ಲಿ. ನಮ್ಮ ರಾಜ್ಯದಲ್ಲಿ 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರಕಾರಿ ಪಕ್ಷಿಪಾಲನಾ ಕೇಂದ್ರದಲ್ಲಿ ಕಂಡಿತು. 2017ರ ಜನವರಿಯಲ್ಲಿ ಮೈಸೂರಿನ ಮೃಗಾಲಯವನ್ನು ಈ ಕಾರಣಕ್ಕೆ ಒಂದು ತಿಂಗಳು ಮುಚ್ಚಿದ್ದರು. ಕೇರಳದ ಕುಟ್ಟನಾಡಿನಲ್ಲಿ 2014ರ ನವೆಂಬರಿನಲ್ಲಿ ಬಂದಾಗ ಲಕ್ಷಕ್ಕೂ ಹೆಚ್ಚು ಬಾತುಗಳನ್ನು ಕೊಲ್ಲಬೇಕಾಯಿತು. 2016, 2021ರಲ್ಲಿ ಮತ್ತೆ ಬಂತು.

ಕಾಡಿನ ಬಾತುಗಳು ಈ ರೋಗದ ವೈರಾಣುವನ್ನು ಹೊತ್ತು ತರಬಲ್ಲವು, ಇದು ನಿಜ. ಆದರೆ ಕಾಡುಬಾತು ಮನುಷ್ಯರಿಂದ ದೂರ ಇರುತ್ತದೆ, ಕೋಳಿಗೂಡಿಗೆ ಬರುವುದಿಲ್ಲ. ಸಾಕಿ ಬಿಟ್ಟ ಬಾತು ಹಾಗಲ್ಲ. ಅದು ಹಗಲು ವಲಸೆ ಬಾತುಗಳ ಜೊತೆ ಒಂದೇ ನೀರಿನಲ್ಲಿ ಈಜುತ್ತದೆ, ಸಂಜೆ ಹಳೆಯ ರೂಢಿಯಂತೆ ಯಾರದೋ ಅಂಗಳಕ್ಕೆ ಬಂದು ಕೋಳಿಗೆ ಹಾಕಿದ ಕಾಳು ತಿನ್ನುತ್ತದೆ. ಕೋಳಿಗೆ ತಗಲಿದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಬಾತು ಕೆಲವೊಮ್ಮೆ ರೋಗದ ಚಿಹ್ನೆಯನ್ನೇ ತೋರಿಸದೆ ಹಿಕ್ಕೆಯಲ್ಲಿ ವೈರಾಣು ಚೆಲ್ಲುತ್ತಿರುತ್ತದೆ. ಕಾಡಿಗೂ ಕೋಳಿಗೂಡಿಗೂ ನಡುವಿನ ಸೇತುವೆಯೆಂದರೆ ನಾವು ಕೈಬಿಟ್ಟ ಈ ಬಾತು.

ರೋಗ ಖಚಿತವಾದರೆ ಸರಕಾರದ ನಿಯಮದಂತೆ ಆ ಸ್ಥಳದ ಸುತ್ತ 1 ಕಿ.ಮೀ. ಒಳಗಿನ ಎಲ್ಲ ಸಾಕುಕೋಳಿ ಬಾತುಗಳನ್ನು ಕೊಲ್ಲಬೇಕು, 10 ಕಿ.ಮೀ. ತನಕ ನಿಗಾ ಇಡಬೇಕು. ಬಿಟ್ಟವರು ಯಾರೋ, ಎಂಟು ಕೋಳಿ ಕಳೆದುಕೊಳ್ಳುವವಳು ಇನ್ನಾರೋ.

ಆದ್ದರಿಂದ ಅವಳಿಗೆ ನಾವು ಹೇಳಿದ್ದು ಇಷ್ಟು: “ಇವು ಸೈಬೀರಿಯದ್ದಲ್ಲ ತಂಗಿ, ನಮ್ಮವರೇ ಬಿಟ್ಟದ್ದು. ಈಗ ಯಾವುದೂ ಸತ್ತಿಲ್ಲ, ಸೊರಗಿಲ್ಲ, ಹೆದರಬೇಡ. ಆದರೆ ಹಿಡಿಯುವ ತನಕ ನಿನ್ನ ಕೋಳಿಗಳನ್ನು ಗದ್ದೆಗೆ ಬಿಡಬೇಡ, ಕಾಳನ್ನು ಗೂಡಿನೊಳಗೇ ಹಾಕು.”

ಗುರುತಿಸುವುದು ಹೇಗೆ?

ಹೊಸ ಬಾತು ಕಂಡಾಗ ಸದಸ್ಯರು ಈ ನಾಲ್ಕು ಅಂಶಗಳನ್ನು ನೋಡಬೇಕು.

1. ನಡತೆ: ನಾವು ಹತ್ತಿರ ಹೋದಾಗ ನೂರು ಮಾರು ದೂರದಲ್ಲೇ ಹಾರಿದರೆ ಕಾಡಿನದು. ಹತ್ತಿರ ಬಂದು ಕೈ ನೋಡಿದರೆ ಸಾಕಿದ್ದು.

2. ಮೈಕಟ್ಟು ಮತ್ತು ಬಣ್ಣ: ಕಾಡಿನ ಬಾತು ತೆಳ್ಳಗೆ, ಗುಂಪಿನವೆಲ್ಲ ಒಂದೇ ಅಚ್ಚು. ಸಾಕಿದ್ದರ ಹೊಟ್ಟೆ ದಪ್ಪ, ಬಣ್ಣ ಒಂದೊಂದಕ್ಕೆ ಒಂದೊಂದು, ಎಲ್ಲೆಂದರಲ್ಲಿ ಬಿಳಿ ಮಚ್ಚೆ. ಹಸಿರು ತಲೆಯ, ಬಾಲದ ಮೇಲೆ ಸುರುಳಿ ಗರಿಯ ಗಂಡು ಕಂಡರೆ ಬಹುಮಟ್ಟಿಗೆ ಸಾಕಿದ್ದೇ. ಏಕೆಂದರೆ ಕಾಡಿನ ಮಲ್ಲಾರ್ಡ್ ದಕ್ಷಿಣ ಭಾರತಕ್ಕೆ ಬರುವುದು ಬಲು ಅಪರೂಪ.

3. ಕಾಲ: ಸೂಜಿಬಾಲ, ಬಿಳಿಹುಬ್ಬಿನ ಬಾತುಗಳು ಮಳೆಗಾಲದಲ್ಲಿ ಇಲ್ಲಿರುವುದಿಲ್ಲ. ಚುಕ್ಕೆಕೊಕ್ಕು, ಸಿಳ್ಳೆ ಬಾತುಗಳು ಎಲ್ಲ ಕಾಲದಲ್ಲೂ ಇರುತ್ತವೆ. ಆದ್ದರಿಂದ ಕಾಲವೊಂದನ್ನೇ ನಂಬಬಾರದು.

4. ಕಾಲುಂಗುರ: ಸಂಖ್ಯೆ ಮತ್ತು ಸಂಸ್ಥೆಯ ಹೆಸರು ಕೊರೆದ ಲೋಹದ ಉಂಗುರ ಸಂಶೋಧಕರದು. ಬಣ್ಣದ ಬರಿಯ ಪಟ್ಟಿ ಸಾಕಿದವರದು ಇರಬಹುದು. ಸಂಶೋಧಕರೂ ಬಣ್ಣದ ಪಟ್ಟಿ ಬಳಸುವುದುಂಟು, ಅವುಗಳಲ್ಲಿ ಅಕ್ಷರ ಅಂಕೆಗಳಿರುತ್ತವೆ.

ಅವಸರದ ತೀರ್ಮಾನ ಬೇಡ ಎನ್ನಲು ಒಂದು ಉದಾಹರಣೆ. ಚೀನದ ಚಿತ್ರಪಟಗಳಲ್ಲಿ ಕಾಣುವ ಬಣ್ಣಬಣ್ಣದ ಮ್ಯಾಂಡರಿನ್ ಬಾತು 2018ರಲ್ಲಿ ನ್ಯೂಯಾರ್ಕಿನ ಉದ್ಯಾನದ ಕೊಳದಲ್ಲಿ ಕಂಡಿತು. ಕಾಲಿನಲ್ಲಿ ಪಟ್ಟಿಯಿತ್ತು, ಆ ಖಂಡದಲ್ಲಿ ಅದು ಕಾಡಿನಲ್ಲಿರುವ ಹಕ್ಕಿಯಲ್ಲ. ಹಾಗಾಗಿ ಸಾಕಿದವರಿಂದ ತಪ್ಪಿಸಿಕೊಂಡದ್ದೆಂದು ತಿಳಿದರು. ಅದೇ ಜಾತಿಯ ಹಕ್ಕಿ 2021ರ ಫೆಬ್ರುವರಿಯಲ್ಲಿ ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಮಾಗುರಿ ಜೌಗಿನಲ್ಲಿ ಕಂಡಿತು. ಅಲ್ಲಿ 1902ರಲ್ಲೂ ದಾಖಲೆಯಿತ್ತು, ಅದರ ತವರಾದ ಪೂರ್ವ ಏಷ್ಯ ಅಲ್ಲಿಗೆ ದೂರವಲ್ಲ, ಕಾಲವೂ ಚಳಿಗಾಲ. ಅದನ್ನು ನಿಜವಾದ ಅತಿಥಿಯೆಂದೇ ಜನ ಬರಮಾಡಿಕೊಂಡರು. ಹಕ್ಕಿ ಒಂದೇ, ಸ್ಥಳ ಸಂದರ್ಭ ನೋಡಿದಾಗ ಉತ್ತರ ಬೇರೆ.

ಬಾತು ಸಾಕುವ ಸದಸ್ಯರಿಗೆ

ಬಾತು ಸಾಕಬೇಡಿ ಎನ್ನುವುದು ನಮ್ಮ ಉದ್ದೇಶವಲ್ಲ. ಬಸಿಗಾಲುವೆಗಳಲ್ಲಿನ ಸಣ್ಣ ಬಸವನಹುಳು, ಗೊಂಡೆಹುಳುಗಳನ್ನು ಅದು ಚೆನ್ನಾಗಿ ತಿನ್ನುತ್ತದೆ. ಮೊಟ್ಟೆಯೂ ಸಿಗುತ್ತದೆ, ಗೊಬ್ಬರವೂ ಸಿಗುತ್ತದೆ. ಸಾಕುವ ಕ್ರಮ ಮಾತ್ರ ಹೀಗಿರಲಿ.

ಸಂಜೆ ಗೂಡಿಗೆ ಸೇರಿಸಿ, ಎಣಿಸಿ, ಬಾಗಿಲು ಹಾಕುವುದು ತಪ್ಪದಿರಲಿ. ಗೂಡಿನಲ್ಲೇ ಸಂಜೆಯ ಕಾಳು ಹಾಕಿದರೆ ತಾವಾಗಿ ಬರುತ್ತವೆ. ಮಸ್ಕೊವಿ ಸಾಕುವವರು ಒಂದು ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಬೇಕು. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು. ವಲಸೆ ಬಾತು ಇಳಿಯುವ ಕೆರೆ, ಗಜನಿಗಳಿಗೆ ಅಕ್ಟೋಬರಿನಿಂದ ಏಪ್ರಿಲ್ ತನಕ ಸಾಕುಬಾತು ಬಿಡಬೇಡಿ. ಬಾತು ಕೋಳಿಗಳನ್ನು ಒಂದೇ ಗೂಡಿನಲ್ಲಿ ಇಡಬೇಡಿ.

ಬಸವನಹುಳುವಿಗೆ ಮೆಟಾಲ್ಡಿಹೈಡ್ ಹಾಕಿದ ತೋಟಕ್ಕೆ ಬಾತು ಬಿಡಲೇಬಾರದು. ಅದು ಬಾತಿಗೂ ನಾಯಿಗೂ ವಿಷ. ಬಾತು ಬೇಕಾದವರು ಗೋಣಿ ಹಾಸಿ, ಪಪ್ಪಾಯಿ ಎಲೆಯಿಟ್ಟು ಹುಳು ಹೆಕ್ಕಿ ಉಪ್ಪುನೀರಿಗೆ ಹಾಕುವ ಕ್ರಮವನ್ನೇ ಅನುಸರಿಸಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲೂ ಬಾತು ಗೂಡಿನಲ್ಲಿರಲಿ. ಮೈಲುತುತ್ತದ ಡ್ರಮ್ಮು ತೊಳೆದ ನೀರು ಕೆರೆಗೆ ಹೋಗದಿರಲಿ.

ಸಾಕಿ ಬೇಡವಾದರೆ ಮಾರಿ, ಇನ್ನೊಬ್ಬ ಸದಸ್ಯರಿಗೆ ಕೊಡಿ, ಇಲ್ಲವೆ ಅಡಿಗೆ ಮಾಡಿ. ಇವಾವುದೂ ಪಾಪವಲ್ಲ. ಬಿಡುವುದು ಮಾತ್ರ ಬೇಡ. ಯಾರಿಗೂ ಬೇಡವಾದರೆ ಸಂಘಕ್ಕೆ ತಿಳಿಸಿ, ಕೊಳ್ಳುವವರನ್ನು ಹುಡುಕಿಕೊಡುವ ಹೊಣೆ ಕಛೇರಿಯದು.

ಸತ್ತ ಹಕ್ಕಿ ಒಂದಕ್ಕಿಂತ ಹೆಚ್ಚು ಕಂಡರೆ ಬರಿಗೈಯಿಂದ ಮುಟ್ಟದೆ ತಾಲೂಕು ಪಶು ಆಸ್ಪತ್ರೆಗೆ ತಿಳಿಸಬೇಕು. ಅವರು ಮಾದರಿಯನ್ನು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಮಾಡುತ್ತಾರೆ. ಕಾಡಿನ ಬಾತನ್ನು ಹೊಡೆಯುವುದು, ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹೊಡೆದು ರೋಗ ತಡೆಯುತ್ತೇವೆಂಬುದೂ ತಪ್ಪು. ಬೆದರಿದ ಹಿಂಡು ನಾಲ್ಕು ಊರಿಗೆ ಚದುರುತ್ತದೆ, ಸತ್ತದ್ದನ್ನು ಎತ್ತಿದ ಕೈ ಮನೆಯ ಕೋಳಿಗೂಡನ್ನು ಮುಟ್ಟುತ್ತದೆ.

ಮುಗಿಸುವ ಮೊದಲು

ಹಾರವಾಡದ ಮಸ್ಕೊವಿಗಳು ಏಳು. ಹುಡುಗರ ಕವಣೆ ಇಳಿಸಿ, ಅದೇ ಹುಡುಗರಿಗೆ ಭತ್ತದ ಕಾಳು ಕೊಟ್ಟೆವು. ಹಲಸಿನ ಮರದ ಬುಡದಲ್ಲಿ ಬಿದಿರಿನ ಗೂಡಿಟ್ಟು ಆರು ಸಂಜೆ ಕಾಳು ಹಾಕಿದ ಮೇಲೆ ಐದು ಒಳಗೆ ಬಂದವು. ಬಿಟ್ಟ ಸದಸ್ಯರೇ ಬಂದು, ಹೆಚ್ಚು ಮಾತಾಡದೆ, ಅವನ್ನು ಹೊತ್ತುಕೊಂಡು ಹೋದರು. ಎರಡು ಹೆಣ್ಣುಗಳು ಮಾತ್ರ ಸಿಗಲಿಲ್ಲ, ಬೇಲೇಕೇರಿಯ ದಿಕ್ಕಿಗೆ ಹಾರಿದ್ದನ್ನು ಕಂಡವರಿದ್ದಾರೆ. ನಮ್ಮ ಕೆರೆಯ ಬೆರಕೆ ಮರಿಗಳೂ ಹಾಗೆಯೇ ಒಂದು ದಿನ ಹಾರಿಹೋದವು. ಅವು ಎಲ್ಲಿವೆ, ಅವುಗಳ ಮರಿಗಳು ಎಷ್ಟು, ಲೆಕ್ಕ ಇಡುವವರಿಲ್ಲ.

ಬರುವ ಸರ್ವಸಾಧಾರಣ ಸಭೆಯಲ್ಲಿ, ಸಂಘದ ಮೂಲಕ ಬಾತುಮರಿ ತರಿಸಿ ಕೊಡಬೇಕೆಂಬ ಕೆಲವು ಸದಸ್ಯರ ಬೇಡಿಕೆ ಚರ್ಚೆಗೆ ಬರಲಿದೆ. ರಾತ್ರಿಗೂಡು ಕಟ್ಟಿದವರಿಗೆ ಮಾತ್ರ ಮರಿ ಕೊಡಬೇಕು, ಬೇಡವಾದ ಹಕ್ಕಿಯನ್ನು ಸಂಘಕ್ಕೇ ಮರಳಿಸಬೇಕು ಎಂಬ ಎರಡು ಷರತ್ತುಗಳನ್ನು ನಾವು ಮುಂದಿಡುವವರಿದ್ದೇವೆ. ಸದಸ್ಯರು ಯೋಚಿಸಿ ಬರಬೇಕಾಗಿ ವಿನಂತಿ. ಬೇಲೇಕೇರಿ, ಅವರ್ಸಾ ಕಡೆಯ ಸದಸ್ಯರು ಕೆಂಪು ಮೊಗದ ಎರಡು ಹಕ್ಕಿಗಳನ್ನು ಕಂಡಲ್ಲಿ ಕಲ್ಲು ಹೊಡೆಯದೆ ಕಛೇರಿಗೆ ತಿಳಿಸಿರಿ. ಗೂಡು ಇನ್ನೂ ಹಲಸಿನ ಬುಡದಲ್ಲೇ ಇದೆ.